ಓದಿನ ಲೆಕ್ಕ

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕದ ಸಾರ್ಥಕ್ಯ ಅದರ ಬಳಕೆಯಲ್ಲಿದೆಯೆಂದು ಸಾರುತ್ತದೆ. ಈ ಮಾತನ್ನು ಒಪ್ಪಿದೊಡನೆ ಮತ್ತೊಂದು ಪ್ರಶ್ನೆ ಏಳುತ್ತದೆ: ಬಳಕೆಯನ್ನು ಅಳೆಯುವುದು ಹೇಗೆ?

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಪುಸ್ತಕದೊಳಗೆ ಅಂಟಿಸಿದ ದಿನಾಂಕದ ಚೀಟಿಯೇ ಇದಕ್ಕೆ ಉತ್ತರವಾಗಿತ್ತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಅಲೆನ್ ಕೆಂಟ್ ಮತ್ತು ಸಂಗಡಿಗರು ಎರವಲಿನ ದಾಖಲೆಗಳನ್ನು ಪರಿಶೀಲಿಸಿ 1979ರಲ್ಲಿ ಒಂದು ವರದಿಯನ್ನು ಹೊರತಂದರು. ಅಲ್ಲಿ 1969ರಲ್ಲಿ ಕೊಂಡ ಪುಸ್ತಕಗಳ ಪೈಕಿ ನೂರಕ್ಕೆ ಸುಮಾರು 40 ಮುಂದಿನ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ! ಆದರೆ ಕಪಾಟಿನ ಬಳಿ ನಿಂತೇ ಓದಿ ಮುಗಿಸಿದವನನ್ನು ಎರವಲಿನ ದಾಖಲೆ ಅರಿಯದು.

ಡಿಜಿಟಲ್ ಗ್ರಂಥಾಲಯ ಬಂದಾಗ ಈ ಕೊರತೆ ನೀಗಿತೆಂದೇ ಹಲವರು ಭಾವಿಸಿದರು. ಯಾವ ಪುಟವನ್ನು ಯಾರು ಕೇಳಿದರೂ ಗಣಕಯಂತ್ರ ಅದನ್ನು ವೇಳೆಯೊಡನೆ ಬರೆದಿಡುತ್ತದೆ. ಆದರೆ ಕೇಳಿದವರೆಲ್ಲ ಮನುಷ್ಯರಲ್ಲ. ಹುಡುಕುಯಂತ್ರಗಳು ಕಳುಹಿಸುವ ರೋಬೋಟುಗಳೂ ಹಗಲಿರುಳು ಪುಟ ತಿರುವುತ್ತವೆ. ಅವಸರದ ಓದುಗ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಒಂದು ಓದು ಎರಡಾಗುತ್ತದೆ. ಕಾಲೇಜಿನ ಒಂದೇ ಯಂತ್ರದ ಮುಂದೆ ಹತ್ತು ಮಂದಿ ಸರದಿಯಲ್ಲಿ ಕುಳಿತರೆ ಹತ್ತು ಜನ ಒಬ್ಬನಾಗಿಬಿಡಬಹುದು.

ಈ ಗೊಂದಲಕ್ಕೆ ಒಂದು ಕ್ರಮ ತರಲು 2002ರಲ್ಲಿ ಕೌಂಟರ್ ಎಂಬ ಅಂತರರಾಷ್ಟ್ರೀಯ ಯೋಜನೆ ಹುಟ್ಟಿತು. ಮರುವರ್ಷ ಅದರ ಮೊದಲ ನಿಯಮಾವಳಿ ಹೊರಬಂತು. ಈಗಿನ ನಿಯಮದಂತೆ ರೋಬೋಟುಗಳ ಭೇಟಿಯನ್ನು ಬಿಡಬೇಕು. ಒಂದೇ ಬರಹವನ್ನು ಒಬ್ಬನೇ 30 ಸೆಕೆಂಡುಗಳೊಳಗೆ ಮತ್ತೆ ಕೇಳಿದರೆ ಒಮ್ಮೆ ಮಾತ್ರ ಎಣಿಸಬೇಕು. ಸಾರಾಂಶವನ್ನಷ್ಟೇ ನೋಡಿದ್ದನ್ನೂ ಪೂರ್ಣಪಾಠವನ್ನು ಪಡೆದದ್ದನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಪ್ರಕಾಶಕರ ಅಂಕಿಗಳನ್ನು ಒಂದರೊಡನೊಂದು ಹೋಲಿಸಲು ಇದರಿಂದ ಸಾಧ್ಯವಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೂ ಈ ಎಣಿಕೆ ಹೇಳುವುದು ಬಾಗಿಲು ತೆರೆಯಿತೆಂಬುದನ್ನು ಮಾತ್ರ, ಒಳಗೆ ನಡೆದುದನ್ನಲ್ಲ. 1894ರ ಕಿಟ್ಟೆಲ್ ನಿಘಂಟನ್ನು ತೆರೆದವನು ಒಂದು ಪದದ ಅರ್ಥ ಕಂಡು ಎರಡು ನಿಮಿಷದಲ್ಲಿ ಮುಚ್ಚುತ್ತಾನೆ. ತಂಗಿದ ಹೊತ್ತನ್ನೇ ಅಳತೆಗೋಲಾಗಿಸಿದರೆ ನಿಘಂಟು ನಿಷ್ಪ್ರಯೋಜಕವೆನಿಸೀತು! ಒಬ್ಬ ವಿದ್ಯಾರ್ಥಿ ಇಳಿಸಿಕೊಂಡ ಪುಸ್ತಕವನ್ನು ತರಗತಿಯ ನಲವತ್ತು ಮಂದಿ ಹಂಚಿಕೊಂಡು ಓದಿದರೂ ಲೆಕ್ಕದಲ್ಲಿ ಅದು ಒಂದೇ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಚಂದಾಹಣವನ್ನು ಬಳಕೆಯ ಸಂಖ್ಯೆಯಿಂದ ಭಾಗಿಸಿ, ಒಂದು ಓದಿಗೆ ಬಿದ್ದ ವೆಚ್ಚವನ್ನು ನೋಡಿ, ಯಾವ ಪತ್ರಿಕೆಯನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ನಿರ್ಧರಿಸುವ ಪದ್ಧತಿ ಗ್ರಂಥಾಲಯಗಳಲ್ಲಿದೆ. ಈ ತಕ್ಕಡಿಯಲ್ಲಿ ಹಳಗನ್ನಡದ ಒಂದು ತಾಳೆಗರಿಯ ಪ್ರತಿ ಎಷ್ಟು ತೂಗೀತು? ವರ್ಷಕ್ಕೊಬ್ಬ ಸಂಶೋಧಕ ಅದನ್ನು ನೋಡಿದರೆ ಹೆಚ್ಚು. ಆದರೆ ಆ ಒಬ್ಬನ ಕೈಯಿಂದ ಶುದ್ಧಪಾಠವೊಂದು ಸಿದ್ಧವಾದರೆ, ಮುಂದೆ ಆ ಕಾವ್ಯವನ್ನು ಓದುವವರೆಲ್ಲರೂ ಆ ಪ್ರತಿಯ ಪರೋಕ್ಷ ಓದುಗರೇ ಅಲ್ಲವೆ?

ಆದುದರಿಂದ ಎಣಿಸುವುದು ಬೇಡವೆಂದಲ್ಲ. ಅಂಕಿಯನ್ನು ಉತ್ತರವೆಂದು ತಿಳಿಯದೆ ಪ್ರಶ್ನೆಯೆಂದು ತಿಳಿಯಬೇಕು. ಒಂದು ಗ್ರಂಥ ಬಳಕೆಯಾಗಿಲ್ಲವೆಂದು ಕಂಡಾಗ, ಅದು ಯಾರಿಗೂ ಬೇಡವಾಗಿದೆಯೋ ಅಥವಾ ಸೂಚಿಯಲ್ಲಿ ಹೆಸರು ತಪ್ಪಾಗಿ ಯಾರಿಗೂ ಸಿಕ್ಕಿಲ್ಲವೋ ಎಂದು ವಿಚಾರಿಸಬೇಕು. ಓದುಗರನ್ನು ಕರೆದು ಕೇಳಬೇಕು. ಯಾವ ಬರಹಗಳಲ್ಲಿ ಅದರ ಉಲ್ಲೇಖವಿದೆಯೆಂದು ನೋಡಬೇಕು. ಅದನ್ನು ತೆಗೆದುಹಾಕುವ ಮಾತು ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆ.