ಮಕ್ಕಳ ಏಕಾಗ್ರತೆಗೆ ಕಣ್ಣು ಮುಚ್ಚಿ ಕೂರಲೇಬೇಕಾ? ಪುಣೆಯ ಯೋಗ ತರಗತಿ ಹೇಳುವುದೇ ಬೇರೆ!

ಪುಣೆ: ಪಾಠದ ನಡುವೆ ಮಗು ಕಿಟಕಿಯಾಚೆ ನೋಡುತ್ತದೆ, ಪೆನ್ಸಿಲ್ ಕಚ್ಚುತ್ತದೆ, ಕೂತಲ್ಲಿ ಕೂರುವುದಿಲ್ಲ. 'ಸುಮ್ಮನೆ ಕೂತ್ಕೋ' ಎನ್ನುವುದೇ ದೊಡ್ಡವರಿಗೆ ಹೊಳೆಯುವ ಮೊದಲ ಪರಿಹಾರ. ಅಯ್ಯಂಗಾರ್ ಯೋಗದ ಮಕ್ಕಳ ತರಗತಿಯಲ್ಲಿ ಮಾತ್ರ ಇದಕ್ಕೆ ಉಲ್ಟಾ. ಅಲ್ಲಿ ಮೊದಲು ಜಿಗಿತ!

ಈ ಪದ್ಧತಿಯ ಜನಕ ಬಿ.ಕೆ.ಎಸ್. ಅಯ್ಯಂಗಾರ್ ಕನ್ನಡ ನಾಡಿನವರೇ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರ ಬಾಲ್ಯ ಮಲೇರಿಯಾ, ಕ್ಷಯದಲ್ಲೇ ಕಳೆಯಿತು. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರಿಂದ ಯೋಗ ಕಲಿತು, 1937ರಲ್ಲಿ ಆರು ತಿಂಗಳ ಮಟ್ಟಿಗೆಂದು ಪುಣೆಗೆ ಹೋದವರು ಅಲ್ಲೇ ನೆಲೆಸಿದರು. ಪತ್ನಿಯ ನೆನಪಿನಲ್ಲಿ ಕಟ್ಟಿದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ 1975ರಲ್ಲಿ ಆರಂಭವಾಯಿತು.

ಕೆಲಸ ಮಾಡುವುದು ಹೇಗೆ?

ಇಲ್ಲಿ ಮಕ್ಕಳಿಗೆ ದೀರ್ಘ ಧ್ಯಾನವಿಲ್ಲ. ಆಸನಗಳು ಬೇಗ ಬೇಗ ಬದಲಾಗುತ್ತವೆ. ಜಿಗಿದು ಕಾಲು ಅಗಲಿಸು, ಪಾದ ತಿರುಗಿಸು, ಮಂಡಿ ನೇರ ಮಾಡು. ಮಗು ಕೇಳಿಸಿಕೊಳ್ಳಬೇಕು, ಮಾಡಬೇಕು, ತನ್ನ ಕಾಲು ಎಲ್ಲಿದೆ ಎಂದೂ ನೋಡಿಕೊಳ್ಳಬೇಕು. ವೃಕ್ಷಾಸನವನ್ನೇ ತೆಗೆದುಕೊಳ್ಳಿ. ಒಂಟಿ ಕಾಲಲ್ಲಿ ನಿಂತಾಗ ಮನಸ್ಸು ಬೇರೆಡೆ ಹೋದರೆ ದೇಹ ವಾಲುತ್ತದೆ, ಆ ಕ್ಷಣವೇ ಮಗುವಿಗೆ ಗೊತ್ತಾಗುತ್ತದೆ. ಗಣಿತದ ತರಗತಿಯಲ್ಲಿ ಗಮನ ತಪ್ಪಿದ್ದು ತಿಳಿಯುವುದು ಪರೀಕ್ಷೆಯ ದಿನ! ಗಮನವನ್ನು ಹಿಡಿತದಲ್ಲಿಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತರ ಹರೆಯದಲ್ಲಿ. ಹಾಗಾಗಿ ಎಂಟು ವರ್ಷದ ಮಗುವಿನ ಚಡಪಡಿಕೆ ಹಟವಲ್ಲ.

ಅಧ್ಯಯನ ಏನು ಹೇಳುತ್ತೆ?

ಯೋಗವನ್ನು ಮಂತ್ರದಂಡ ಎನ್ನುವಂತಿಲ್ಲ. ಹರಿದ್ವಾರದ ಪತಂಜಲಿ ಸಂಶೋಧನಾ ಪ್ರತಿಷ್ಠಾನದ ಶಿರ್ಲೆ ಟೆಲ್ಲೆಸ್ ತಂಡ 8ರಿಂದ 13 ವರ್ಷದ 98 ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿ, ಮೂರು ತಿಂಗಳು ಒಂದಕ್ಕೆ ಯೋಗ, ಇನ್ನೊಂದಕ್ಕೆ ದೈಹಿಕ ವ್ಯಾಯಾಮ ಮಾಡಿಸಿತು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಶಿಕ್ಷಕರು ಎರಡೂ ಗುಂಪಿನ ಮಕ್ಕಳ ಗಮನ ಸುಧಾರಿಸಿದೆ ಎಂದರು. ಅಂದರೆ ಮೈದಾನದ ಆಟವೂ ಕಡಿಮೆಯೇನಲ್ಲ. ಬ್ರಿಟನ್‌ನಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳು ಪಾಲ್ಗೊಂಡಿದ್ದ, ಒಂದು ಗುಂಪಿಗೆ ಶಾಲೆಯಲ್ಲೇ ಮೈಂಡ್‌ಫುಲ್‌ನೆಸ್ ಕಲಿಸಿ ನೋಡಿದ 'ಮಿರಿಯಡ್' ಪ್ರಯೋಗದಲ್ಲಿ (2022) ಮಾನಸಿಕ ಆರೋಗ್ಯಕ್ಕೆ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಪೋಷಕರೇ ಗಮನಿಸಿ

ಶಾಲೆಯಲ್ಲೂ ಮನೆಯಲ್ಲೂ ಆರು ತಿಂಗಳಿಗೂ ಹೆಚ್ಚು ಕಾಲ ಗಮನದ ತೊಂದರೆ ಮುಂದುವರಿದರೆ ಎಡಿಎಚ್‌ಡಿ ಇರಬಹುದು. ಯೋಗ ಅದಕ್ಕೆ ಚಿಕಿತ್ಸೆಗೆ ಬದಲಿಯಲ್ಲ, ವೈದ್ಯರನ್ನು ಕಾಣಿ. ದೃಷ್ಟಿ, ಕಿವಿ, ನಿದ್ದೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪರೀಕ್ಷೆ ಹತ್ತಿರ ಬಂದಾಗ ಶಾಲೆಗಳು ಮೊದಲು ಕೈಬಿಡುವುದು ಪಿ.ಟಿ. ಪೀರಿಯಡ್ಡನ್ನೇ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ ಅದನ್ನೂ ಕೇಳಬಹುದು.