ಸಾಯದ ಡಿಸ್ಕ್, ಕಾಯುವ ಕಂಪ್ಯೂಟರ್

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ನೀರುಪಾಲಾಯಿತು. 33 ಗೇಟುಗಳಲ್ಲಿ ಒಂದು ಹೋದ ಸುದ್ದಿ ಬೆಳಗಾಗುವಷ್ಟರಲ್ಲಿ ಹೊಸಪೇಟೆ ದಾಟಿ ಕಂಪ್ಲಿಯ ಹೊಳೆಸಾಲಿಗೂ ಮುಟ್ಟಿತ್ತು. ಉಳಿದ ಗೇಟುಗಳನ್ನು ತೆರೆದು ಒತ್ತಡ ಇಳಿಸಿದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿ ಹರಿವು ತಡೆದರು. ಕೆಲಸ ಭಾರಿಯದು, ಅಪಾಯದ್ದು. ಆದರೆ ಎಲ್ಲಿ ಮುರಿದಿದೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಕಂಪ್ಯೂಟರಿನಲ್ಲಿ ಒಟ್ಟಾಗಿ ದುಡಿಯುವ ಡಿಸ್ಕ್‌ಗಳ ಸಾಲಿನಲ್ಲೂ ಒಂದು ಹೀಗೆ ಪೂರ್ತಿ ಕೈಕೊಟ್ಟರೆ ಅದು ಸುಲಭದ ಪ್ರಕರಣ. ಸತ್ತೂ ಸಾಯದೆ, ಕೇಳಿದ್ದನ್ನು ಕೊಡದೆ, ಆಗುವುದಿಲ್ಲ ಎಂದೂ ಹೇಳದೆ ಕೂರುವ ಡಿಸ್ಕ್ ಇದೆಯಲ್ಲ, ಇಡೀ ಕಂಪ್ಯೂಟರನ್ನು ಹ್ಯಾಂಗ್ ಮಾಡಿಸುವುದು ಅದು.

ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ಈ ಏರ್ಪಾಡಿಗೆ ರೇಡ್ ಎಂಬ ಹೆಸರು ಬಂದದ್ದು 1988ರಲ್ಲಿ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು ದುಬಾರಿಯ ಒಂದು ದೊಡ್ಡ ಡಿಸ್ಕಿಗಿಂತ ಅಗ್ಗದ ಸಣ್ಣ ಡಿಸ್ಕ್‌ಗಳ ಗುಂಪೇ ಲೇಸು ಎಂದು ವಾದಿಸಿದರು. ರೇಡ್‌ನ ಒಂದು ಬಗೆಯಾದ ರೇಡ್-5ರಲ್ಲಿ ಮೂರು ಡಿಸ್ಕ್‌ಗಳಿದ್ದು, ಒಂದರಲ್ಲಿ 1, ಇನ್ನೊಂದರಲ್ಲಿ 0 ಇದ್ದರೆ, ಮೂರನೆಯದರಲ್ಲಿ ಇವೆರಡರ ಲೆಕ್ಕದ ಫಲ 1 ಇರುತ್ತದೆ. ಯಾವುದೇ ಒಂದು ಅಳಿಸಿಹೋದರೂ ಉಳಿದೆರಡರಿಂದ ಅದನ್ನು ಮರಳಿ ಪಡೆಯಬಹುದು. ಇದಕ್ಕೆ ಬೇರೆ ಕಾರ್ಡು ಬೇಕಿಲ್ಲ, ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ತಾನೇ ಲೆಕ್ಕ ಹಾಕುತ್ತದೆ. ಸ್ಟುಡಿಯೊದವರು ಮದುವೆಯ, ಹಂಪಿ ಉತ್ಸವದ ವಿಡಿಯೊ ತುಂಬಿಡಲು ಕೊಳ್ಳುವ ಪುಟ್ಟ ಪೆಟ್ಟಿಗೆಗಳಲ್ಲೂ ಹೆಚ್ಚಿನವುಗಳ ಒಳಗೆ ಇರುವುದು ಇದೇ.

ಹ್ಯಾಂಗ್ ಆದಾಗ ಏನಾಗುತ್ತದೆ? ಮೌಸ್ ಓಡಾಡುತ್ತದೆ, ಗಡಿಯಾರವೂ ನಡೆಯುತ್ತಿರಬಹುದು, ಆದರೆ ಫೈಲ್ ತೆರೆಯುವುದಿಲ್ಲ. ಡಿಸ್ಕಿನಿಂದ ಉತ್ತರ ಬರುವ ತನಕ ಪ್ರೋಗ್ರಾಂ ಒಂದು ಬಗೆಯ ಗಾಢ ನಿದ್ರೆಯಲ್ಲಿರುತ್ತದೆ. ಬಲವಂತವಾಗಿ ಕೊಲ್ಲುವ ಆದೇಶಕ್ಕೂ ಅದು ಏಳದು. ಅದೇ ಫೈಲುಗಳನ್ನು ಬಯಸುವ ಉಳಿದ ಪ್ರೋಗ್ರಾಂಗಳೂ ಒಂದರ ಹಿಂದೊಂದು ಸಾಲುಗಟ್ಟುತ್ತವೆ. 120 ಸೆಕೆಂಡ್ ದಾಟಿದರೆ ಕರ್ನಲ್ ತನ್ನ ಲಾಗ್‌ನಲ್ಲಿ ಇಂಥ ಕೆಲಸ ಸಿಕ್ಕಿಕೊಂಡಿದೆ ಎಂದು ಬರೆಯುತ್ತದೆ. ಹೆಚ್ಚಿನವರು ಅಷ್ಟರಲ್ಲಿ ರೀಸೆಟ್ ಒತ್ತಿರುತ್ತಾರೆ. ಗುರುತೂ ಅಲ್ಲಿಗೇ ಅಳಿಸಿಹೋಗುತ್ತದೆ.

ಬೇರು ಇರುವುದು ಎರಡು ಗಡುವುಗಳ ಜಗಳದಲ್ಲಿ. ಮನೆಬಳಕೆಯ ಡಿಸ್ಕ್ ತಾನೊಂದೇ ಇದ್ದೇನೆ ಎಂದು ನಂಬಿ ತಯಾರಾದದ್ದು. ಕೆಟ್ಟ ಸೆಕ್ಟರ್, ಅಂದರೆ ದತ್ತಾಂಶ ಕೂರುವ ಪುಟ್ಟ ಜಾಗವೊಂದು ಕೆಟ್ಟದ್ದು, ಎದುರಾದರೆ ಅದು ಮತ್ತೆ ಮತ್ತೆ ಓದಲು ಹೆಣಗುತ್ತದೆ, ಕೆಲವೊಮ್ಮೆ ಎರಡು ನಿಮಿಷಕ್ಕೂ ಮೀರಿ. ಕರ್ನಲ್ ಕಾಯುವುದು ಸಾಮಾನ್ಯವಾಗಿ 30 ಸೆಕೆಂಡ್ ಮಾತ್ರ. ಆಮೇಲೆ ಸಂಪರ್ಕವನ್ನೇ ರೀಸೆಟ್ ಮಾಡುತ್ತದೆ. ಡಿಸ್ಕ್ ಇನ್ನೂ ಆ ಸೆಕ್ಟರಿನಲ್ಲೇ ಮುಳುಗಿರುವುದರಿಂದ ರೀಸೆಟ್‌ಗೂ ಓಗೊಡುವುದಿಲ್ಲ. ಮತ್ತೆ ರೀಸೆಟ್, ಮತ್ತೆ ಮೌನ. ಕೊನೆಗೆ ಆ ಡಿಸ್ಕ್ ಸಾಲಿನಿಂದ ಹೊರಬೀಳುತ್ತದೆ, ಕೆಟ್ಟದ್ದು ಒಂದೇ ಸೆಕ್ಟರ್ ಆಗಿದ್ದರೂ. ಹೊಸ ಡಿಸ್ಕ್ ಹಾಕಿ ಮರುಜೋಡಣೆಗೆ ತೊಡಗಿದರೆ ಉಳಿದವುಗಳ ಮೂಲೆ ಮೂಲೆಯನ್ನೂ ಓದಬೇಕು. ಅಲ್ಲೆಲ್ಲೋ ವರ್ಷಗಳಿಂದ ಯಾರೂ ಮುಟ್ಟದ ಇನ್ನೊಂದು ಕೆಟ್ಟ ಸೆಕ್ಟರ್ ಕಾದಿರುತ್ತದೆ. ಅದೇ ಕಥೆ ಮರುಕಳಿಸಿದರೆ ಇಡೀ ಸಾಲು ಕುಸಿಯುತ್ತದೆ. ನನ್ನ ದೃಷ್ಟಿಯಲ್ಲಿ ರೇಡ್ ಕಳೆದುಕೊಳ್ಳುವವರಿಗೆ ಆಗುವ ಅತಿ ದೊಡ್ಡ ಅನ್ಯಾಯ ಇದು, ಏಕೆಂದರೆ ತಡೆಯುವ ದಾರಿ ಬಲು ಸರಳ.

ರೇಡ್‌ಗೆಂದೇ ತಯಾರಾದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಪ್ರಯತ್ನ ನಿಲ್ಲಿಸಿ ‘ಓದಲಾಗಲಿಲ್ಲ’ ಎಂದು ಹೇಳಿಬಿಡುತ್ತವೆ. ಆಗ ರೇಡ್ ಉಳಿದ ಡಿಸ್ಕ್‌ಗಳಿಂದ ಆ ಭಾಗವನ್ನು ಲೆಕ್ಕಹಾಕಿ, ಕೆಟ್ಟ ಜಾಗಕ್ಕೇ ಮರಳಿ ಬರೆಸುತ್ತದೆ. ಅಗತ್ಯವಿದ್ದರೆ ಡಿಸ್ಕ್ ಅದನ್ನು ಮೀಸಲು ಸೆಕ್ಟರಿಗೆ ಸಾಗಿಸುತ್ತದೆ. ಬಳಕೆದಾರನಿಗೆ ಏನೂ ಗೊತ್ತೇ ಆಗುವುದಿಲ್ಲ. ಸ್ಮಾರ್ಟ್‌ಸಿಟಿಎಲ್ ಎಂಬ ಉಪಕರಣದಿಂದ ಈ ಗಡುವನ್ನು ನೋಡಬಹುದು, ಡಿಸ್ಕ್ ಒಪ್ಪಿದರೆ ಬದಲಿಸಲೂಬಹುದು. ಒಪ್ಪದಿದ್ದರೆ ಕರ್ನಲ್‌ನ 30 ಸೆಕೆಂಡನ್ನು 180ಕ್ಕೆ ಏರಿಸಬೇಕು. ಕರೆಂಟು ಹೋಗಿ ಬಂದರೆ ಈ ಬದಲಾವಣೆಗಳು ಅಳಿಸಿಹೋಗಬಹುದು, ಹಾಗಾಗಿ ಕಂಪ್ಯೂಟರ್ ಶುರುವಾಗುವಾಗಲೆಲ್ಲ ತಾನಾಗಿ ನಡೆಯುವಂತೆ ಬರೆದಿಡಬೇಕು.

ಆದರೆ ಪ್ರತಿ ಹ್ಯಾಂಗಿಗೂ ಡಿಸ್ಕೇ ಕಾರಣವಲ್ಲ. ಅದೇ ಸ್ಮಾರ್ಟ್‌ಸಿಟಿಎಲ್ ತೋರಿಸುವ ಪಟ್ಟಿಯಲ್ಲಿ 197 ಸಂಖ್ಯೆಯ ಸಾಲಿನ ಎಣಿಕೆ ಏರಿದ್ದರೆ ಓದಲಾಗದ ಸೆಕ್ಟರ್‌ಗಳಿವೆ ಎಂದರ್ಥ. 199 ಸಂಖ್ಯೆಯ ಸಾಲಿನ ಎಣಿಕೆ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಎಲ್ಲ ಡಿಸ್ಕ್‌ಗಳೂ ಒಮ್ಮೆಗೇ ದೂರುತ್ತಿದ್ದರೆ ಪವರ್ ಸಪ್ಲೈ ಅಥವಾ ಕಂಟ್ರೋಲರಿನ ಮೇಲೆ ಅನುಮಾನ ಪಡಿ. ಬಿಸಿಯೂ ಒಂದು ಕಾರಣ, ನಮ್ಮ ಕಡೆ ಅದನ್ನು ಒತ್ತಿ ಹೇಳಬೇಕು. ಸಂಡೂರಿನ ಅದಿರಿನ ಕೆಂಪು ದೂಳು, ಕಂಪ್ಲಿಯ ಅಕ್ಕಿ ಗಿರಣಿಗಳ ಹೊಟ್ಟಿನ ದೂಳು ಫ್ಯಾನು, ಜಾಲರಿಗಳಿಗೆ ಮೆತ್ತಿಕೊಂಡರೆ ಏಪ್ರಿಲ್ ಬಿಸಿಲಿನಲ್ಲಿ ಪೆಟ್ಟಿಗೆಯೊಳಗಿನ ಬಿಸಿ ಹೊರಹೋಗಲು ದಾರಿಯೇ ಇರುವುದಿಲ್ಲ.

ಇನ್ನೊಂದು ಬಗೆಯ ಡಿಸ್ಕಿನಲ್ಲಿ ದೋಷವಿಲ್ಲದೆಯೂ ತಡವಾಗುತ್ತದೆ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ದತ್ತಾಂಶದ ಪಟ್ಟಿಗಳು ಒಂದರ ಅಂಚಿನ ಮೇಲೊಂದು ಏರಿರುತ್ತವೆ. ಒಂದನ್ನು ತಿದ್ದಲು ನೆರೆಯವನ್ನೂ ಮತ್ತೆ ಬರೆಯಬೇಕು. ಸತತವಾಗಿ ಬರೆಸಿದರೆ ಅದು ನಡುನಡುವೆ ನಿಂತುಬಿಡುತ್ತದೆ, ಮರುಜೋಡಣೆಯಲ್ಲಂತೂ ಹೆಚ್ಚು. ರೇಡ್‌ಗೆಂದು ಮಾರಿದ ಕೆಲವು ಡಿಸ್ಕ್‌ಗಳು ಈ ಬಗೆಯವು ಎಂದು ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡದ್ದು 2020ರಲ್ಲಿ, ಬಳಕೆದಾರರು ಪಟ್ಟು ಹಿಡಿದ ಮೇಲೆ. ಕೊಳ್ಳುವ ಮುನ್ನ ಮಾದರಿ ಸಂಖ್ಯೆ ನೋಡಿಕೊಳ್ಳುವುದು ಒಳ್ಳೆಯದು.

ತಿಂಗಳಿಗೊಮ್ಮೆ ಭಾನುವಾರವೇ ಯಂತ್ರ ತೆವಳುತ್ತಿದ್ದರೆ ಹೆದರಬೇಡಿ. ಡೆಬಿಯನ್ ಲಿನಕ್ಸ್‌ನಲ್ಲಿ ತಿಂಗಳ ಮೊದಲ ಭಾನುವಾರ ನಡುರಾತ್ರಿಯ ಬಳಿಕ ರೇಡ್ ತನ್ನನ್ನು ತಾನೇ ಪೂರ್ತಿ ಓದಿ ಪರೀಕ್ಷಿಸುವ ಪದ್ಧತಿ ಇದೆ. ಬಚ್ಚಿಟ್ಟುಕೊಂಡ ಕೆಟ್ಟ ಸೆಕ್ಟರ್‌ಗಳು ಸಿಕ್ಕುವುದು ಆಗಲೇ. ವೇಗದ ಮಿತಿ ತಗ್ಗಿಸಿ, ಪರೀಕ್ಷೆಯನ್ನು ನಿಲ್ಲಿಸಬೇಡಿ.

ಲಾಗ್ ಬರೆಯುವ ಡಿಸ್ಕೇ ಸಿಕ್ಕಿಕೊಂಡರೆ ಸಾಕ್ಷಿ ಉಳಿಯುವುದಿಲ್ಲ. ಅದಕ್ಕೆ ನೆಟ್‌ಕನ್ಸೋಲ್ ಇದೆ: ಕರ್ನಲ್ ತನ್ನ ಮಾತನ್ನು ನೆಟ್‌ವರ್ಕಿನ ಮೂಲಕ ಪಕ್ಕದ ಹಳೆಯ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಜೊತೆಗೆ ಸಿಸ್‌ರಿಕ್ವೆಸ್ಟ್ ಕೀಲಿಯನ್ನು ಮೊದಲೇ ಸಕ್ರಿಯಗೊಳಿಸಿಟ್ಟರೆ, ಆಲ್ಟ್ ಮತ್ತು ಡಬ್ಲ್ಯು ಜೊತೆ ಒತ್ತಿದಾಗ ಯಾವ ಯಾವ ಕೆಲಸ ಸಿಕ್ಕಿಕೊಂಡಿದೆ ಎಂಬ ಪಟ್ಟಿ ಬರುತ್ತದೆ. ಲಾಗ್‌ನಲ್ಲಿ ಡಿಸ್ಕಿನ ಹೆಸರು ಸಿಕ್ಕೊಡನೆ ಕೈಹಾಕಿ ಕೀಳಬೇಡಿ. ಕಂಪ್ಯೂಟರ್ ಮರಳಿ ಶುರುವಾದಾಗ ಆ ಹೆಸರು ಬೇರೊಂದು ಡಿಸ್ಕಿಗೆ ಹೋಗಿರಬಹುದು. ಸರಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪ್ರತಿ ಡಿಸ್ಕಿನ ಅಂಚಿಗೂ ಮೊದಲೇ ಅಂಟಿಸಿಡಿ. ಒಂದು ಡಿಸ್ಕ್ ಆಗಲೇ ಹೊರಬಿದ್ದ ಸಾಲಿನಿಂದ ಚೆನ್ನಾಗಿರುವ ಇನ್ನೊಂದನ್ನು ಕಿತ್ತರೆ ರೇಡ್-5 ಅಲ್ಲಿಗೇ ನಿಂತುಹೋಗುತ್ತದೆ.