ಹಳೆಯ ಮೋಟಾರು ಸೈಕಲ್ಲಿನ ಕಾರ್ಬ್ಯುರೇಟರು: ದೋಷ ಪರೀಕ್ಷೆ ಮತ್ತು ದುರಸ್ತಿ

ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಇವೆಲ್ಲಕ್ಕೂ ನಮ್ಮ ಹಳ್ಳಿಗಳಲ್ಲಿ ಈಗ ಮೋಟಾರು ಸೈಕಲ್ಲೇ ಗಾಡಿ, ಅದೇ ಎತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100, 1994ರಲ್ಲಿ ಬಂದ ಸ್ಪ್ಲೆಂಡರ್ ಮೊದಲಾದ ಹಳೆಯ ವಾಹನಗಳು ತಾಳವಾಡಿಯ ಬೆಟ್ಟದ ದಾರಿಯಲ್ಲಿಯೂ ಜತ್ತದ ಧೂಳಿನಲ್ಲಿಯೂ ಇಂದಿಗೂ ದುಡಿಯುತ್ತಿವೆ. ಬೆಳಗಿನ ಹಾಲು ಡೇರಿಗೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಅಂದಿನ ದುಡಿಮೆ ಹೋದಂತೆಯೇ. ಆದುದರಿಂದ ಈ ವಾಹನಗಳ ಕಾಯಿಲೆಯನ್ನು ಒಡೆಯನೇ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು.

2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಗೆ ನಿಯಮದ ನಂತರ ತಯಾರಾದ ವಾಹನಗಳಲ್ಲಿ ಬಹುಪಾಲಿಗೆ ಕಾರ್ಬ್ಯುರೇಟರೇ ಇಲ್ಲ. ಹಳೆಯದನ್ನು ಬಿಚ್ಚಿ ತೊಳೆಯುವ ತಾಳ್ಮೆ ಎಲ್ಲ ಅಂಗಡಿಗಳಲ್ಲಿಯೂ ದೊರೆಯದು. "ಕಾರ್ಬ್ಯುರೇಟರು ಹೋಗಿದೆ, ಹೊಸದು ಹಾಕಿಸಿ" ಎಂದುಬಿಡುವುದು ಸುಲಭ. ಆದರೆ ಕಾರ್ಬ್ಯುರೇಟರು ಕೆಟ್ಟುಹೋಗುವುದಕ್ಕಿಂತ ಕಸ ಕಟ್ಟಿಕೊಳ್ಳುವುದೇ ಹೆಚ್ಚು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಅದು ಮಾಡುವ ಕೆಲಸ

ಒಂದು ಭಾಗ ಪೆಟ್ರೋಲು ಚೆನ್ನಾಗಿ ಉರಿಯಲು ತೂಕದಲ್ಲಿ ಸುಮಾರು 15 ಭಾಗ ಗಾಳಿ ಬೇಕು. ಈ ಬೆರಕೆಯನ್ನು ಮಾಡುವುದೇ ಕಾರ್ಬ್ಯುರೇಟರು. ಇಂಜಿನು ಎಳೆದುಕೊಳ್ಳುವ ಗಾಳಿ ಇದರ ಇಕ್ಕಟ್ಟಾದ ಕಂಠದಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಆಗ ಕೆಳಗಿನ ಬಟ್ಟಲಿನ ಪೆಟ್ರೋಲು ಮೇಲೇರಿ ತುಂತುರಾಗಿ ಗಾಳಿಯನ್ನು ಸೇರುತ್ತದೆ. ಬಟ್ಟಲಿನಲ್ಲಿ ಒಂದು ತೇಲುಗುಂಡು ಇದೆ. ನೀರಿನ ತೊಟ್ಟಿಯ ಗುಂಡು ನಲ್ಲಿಯಂತೆ, ಬಟ್ಟಲು ತುಂಬಿದೊಡನೆ ಅದು ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ.

ಪೆಟ್ರೋಲು ಮೇಲೇರಲು ಎರಡು ಹಿತ್ತಾಳೆಯ ಜೆಟ್ಟುಗಳಿವೆ. ಸಣ್ಣ ಜೆಟ್ಟು ಇಂಜಿನು ನಿಧಾನವಾಗಿ ಓಡುವಾಗಲೂ, ದೊಡ್ಡ ಜೆಟ್ಟು ವೇಗ ಹೆಚ್ಚಿದಾಗಲೂ ಪೆಟ್ರೋಲು ಉಣಿಸುತ್ತವೆ. ಸಣ್ಣ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗೂ ಕಡಿಮೆ. ಹನಿ ನೀರಾವರಿಯ ಕೊಳವೆ ಸಣ್ಣ ಕಸಕ್ಕೆ ಹೇಗೆ ಕಟ್ಟುವುದೋ ಹಾಗೆಯೇ ಇದೂ ಕಟ್ಟುತ್ತದೆ.

ಮೊದಲು ನೋಡತಕ್ಕವು

ಬಿಚ್ಚುವ ಮೊದಲು ಕಿಡಿಯನ್ನು ಪರೀಕ್ಷಿಸಿ. ಪ್ಲಗ್ಗನ್ನು ತೆಗೆದು, ಅದರ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ರಂಧ್ರದಿಂದ ದೂರವಾಗಿ ಇಂಜಿನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆಯಿರಿ. ಕಿಡಿ ಹಾರದಿದ್ದರೆ ತಪ್ಪು ಕಾರ್ಬ್ಯುರೇಟರಿನದಲ್ಲ. ಪ್ಲಗ್ಗಿನ ಬಣ್ಣವನ್ನೂ ಗಮನಿಸಿ. ಕಾಫಿಪುಡಿಯ ಬಣ್ಣವಿದ್ದರೆ ಬೆರಕೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ.

ಕಿಡಿ ಸರಿಯಿದ್ದರೆ ಪ್ಲಗ್ಗನ್ನು ಮರಳಿ ಕೂರಿಸಿ, ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ, ಬೀಳುವ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿಯಿರಿ. ಏನೂ ಬೀಳದಿದ್ದರೆ ನಲ್ಲಿ, ಕೊಳವೆ, ಜಾಲರಿ ಇವುಗಳಲ್ಲಿ ಕಸವಿದೆ. ಬಿದ್ದ ಪೆಟ್ರೋಲನ್ನು ಸ್ವಲ್ಪ ಹೊತ್ತು ಇಟ್ಟು ನೋಡಿ. ತಳದಲ್ಲಿ ಬೇರೊಂದು ಪದರ ನಿಂತರೆ ನೀರು ಸೇರಿದೆಯೆಂದು ತಿಳಿಯಬೇಕು.

ಲಕ್ಷಣಗಳು ಮತ್ತು ಕಾರಣಗಳು

1. ಚೋಕು ಎಳೆದರೆ ಮಾತ್ರ ಓಡುವುದು, ಬಿಟ್ಟರೆ ನಿಲ್ಲುವುದು: ಸಣ್ಣ ಜೆಟ್ಟು ಕಟ್ಟಿದೆ, ಇಲ್ಲವೆ ಇಂಜಿನಿಗೂ ಕಾರ್ಬ್ಯುರೇಟರಿಗೂ ನಡುವಿನ ಸಂದಿನಲ್ಲಿ ಗಾಳಿ ಸೇರುತ್ತಿದೆ.

2. ನಿಂತಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಹೊರೆ ಎಳೆಯದಿರುವುದು: ದೊಡ್ಡ ಜೆಟ್ಟನ್ನು ನೋಡಿ.

3. ಕೊಳವೆಯಿಂದ ಪೆಟ್ರೋಲು ಸುರಿಯುವುದು: ತೇಲುಗುಂಡಿನ ಮುಳ್ಳಿನ ಬಾಯಲ್ಲಿ ಕಸವಿದೆ ಅಥವಾ ಮುಳ್ಳು ಸವೆದಿದೆ. ಗುಂಡನ್ನು ಅಲುಗಿಸಿದಾಗ ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿದೆ.

4. ಕರಿಹೊಗೆ, ಮೈಲೇಜು ಇಳಿತ: ಚೋಕು ಅರ್ಧ ಮುಚ್ಚಿ ನಿಂತಿರಬಹುದು, ಗಾಳಿಯ ಸೋಸಕದಲ್ಲಿ ಧೂಳು ತುಂಬಿರಬಹುದು. ಧೂಳಿನ ಸೀಮೆಯವರು ಮೊದಲು ಸೋಸಕವನ್ನೇ ನೋಡತಕ್ಕದ್ದು.

5. ಸ್ವಲ್ಪ ದೂರ ಓಡಿ ನಿಂತು, ತಡೆದು ಮತ್ತೆ ಓಡುವುದು: ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಮುಚ್ಚಿರಬಹುದು. ಮುಚ್ಚಳವನ್ನು ತೆರೆದೊಡನೆ ಗಾಡಿ ಸರಾಗವಾಗಿ ಓಡಿದರೆ ರೋಗ ಇದೇ.

ತೊಳೆಯುವ ಕ್ರಮ

ಇಂಜಿನು ತಣ್ಣಗಾಗಿರಲಿ. ಬಯಲಿನಲ್ಲಿ ಕೆಲಸ ಮಾಡಿ. ಬೀಡಿ, ದೀಪ, ಒಲೆ ಹತ್ತಿರ ಬೇಡ. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರನ್ನು ಬಿಚ್ಚಿ, ಬಿಳಿಯ ಬಟ್ಟೆಯ ಮೇಲೆ ಭಾಗಗಳನ್ನು ಕಳಚಿದ ಕ್ರಮದಲ್ಲಿಯೇ ಸಾಲಾಗಿ ಇಡಿ. ಗಾಳಿಯ ತಿರುಪನ್ನು ತೆಗೆಯುವ ಮೊದಲು, ಅದು ಹಗುರಾಗಿ ತಳ ಮುಟ್ಟುವವರೆಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಬಂತೆಂದು ಬರೆದಿಡಿ. ಮರಳಿ ಜೋಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ ಬಿಡಬೇಕು.

ಜೆಟ್ಟುಗಳನ್ನು ಸರಿಯಾದ ಅಳತೆಯ ತಿರುಪುಳಿಯಿಂದಲೇ ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ತೊಳೆದು, ಪಂಪಿನಿಂದ ಗಾಳಿ ಹೊಡೆಯಿರಿ. ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ ಕಾಣಬೇಕು. ಸೂಜಿ, ಉಕ್ಕಿನ ತಂತಿ ಎಂದಿಗೂ ತೂರಿಸಬೇಡಿ. ಹಿತ್ತಾಳೆ ಮೆತ್ತನೆಯ ಲೋಹ. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಖರ್ಚು ಏರುತ್ತದೆ. ರಬ್ಬರ್ ಉಂಗುರಗಳನ್ನು ಕ್ಲೀನರಿನಲ್ಲಿ ನೆನೆಹಾಕಬಾರದು.

ಜೋಡಿಸಿದ ಮೇಲೆ, ಇಂಜಿನು ಚಾಲೂ ಮಾಡುವ ಮೊದಲು ಹಿಡಿಯ ಎಕ್ಸಲೇಟರನ್ನು ತಿರುಗಿಸಿ ಬಿಡಿ. ಅದು ಟಕ್ಕನೆ ಹಿಂದಿರುಗಬೇಕು. ಒಳಗಿನ ಸ್ಲೈಡು ಅಡ್ಡ ಕೂತಿದ್ದರೆ ಗಾಡಿ ಅಂಕೆ ಮೀರಿ ಓಡಿ ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಈಗಿನ ಪೆಟ್ರೋಲು

2023ರ ಫೆಬ್ರುವರಿಯಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. 2025ರ ಹೊತ್ತಿಗೆ ಅದು ದೇಶದಲ್ಲೆಲ್ಲ ಬಳಕೆಗೆ ಬಂತು. ಕಬ್ಬು, ಮುಸುಕಿನ ಜೋಳ ಮುಂತಾದುವುಗಳಿಂದಲೇ ಈ ಎಥನಾಲ್ ತಯಾರಾಗುವುದರಿಂದ ಬೆಳೆಗಾರನಿಗೆ ಇದು ಹೊರಗಿನ ವಸ್ತುವಲ್ಲ. ಆದರೆ ಅದಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ನೀರು ಮಿತಿ ಮೀರಿದಾಗ ಎಥನಾಲ್ ನೀರಿನೊಡನೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಕಾರ್ಬ್ಯುರೇಟರಿಗೆ ಮೊದಲು ಹರಿಯುವುದು ಅದೇ. ಹಳೆಯ ವಾಹನದ ರಬ್ಬರ್ ಕೊಳವೆಗಳೂ ಉಂಗುರಗಳೂ ಇದರಿಂದ ಉಬ್ಬಿ ಬಿರಿಯುವುದುಂಟು, ಅಂಥವನ್ನು ಬದಲಾಯಿಸಿಕೊಳ್ಳಿ.

ಕಾಸರಗೋಡು, ವಯನಾಡುಗಳಂಥ ಮಳೆಯ ಸೀಮೆಯಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಲ್ಲಿಸುವ ಮೊದಲು ನಲ್ಲಿಯನ್ನು ಮುಚ್ಚಿ, ತಾನಾಗಿ ನಿಲ್ಲುವವರೆಗೆ ಇಂಜಿನು ಓಡಿಸಿ, ಬಟ್ಟಲಿನಲ್ಲಿ ಉಳಿದುದನ್ನು ಬಸಿದುಬಿಡಿ. ಬಟ್ಟಲಿನಲ್ಲಿ ನಿಂತ ಪೆಟ್ರೋಲು ಆರಿ ಅಂಟಾಗಿ ಸಣ್ಣ ಜೆಟ್ಟನ್ನು ಮುಚ್ಚುತ್ತದೆ. ಬೆಳೆಗೆ ರೋಗ ಬಂದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಬೀಜೋಪಚಾರ ಅಗ್ಗವೆಂಬುದನ್ನು ರೈತನಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಯಂತ್ರಕ್ಕೂ ಅದೇ ನಿಯಮ.